ನನ್ನ ತಪ್ಪು, ತೆಗೆಯಬಾರದು

ಪ್ರೀತಿಯ ಅಣ್ಣನಿಗೆ,

ಸಮಿತಿಯ ಅಧ್ಯಕ್ಷರಿಗೆ ಬರೆಯುತ್ತಿಲ್ಲ. ನನ್ನ ಜಡೆ ಎಳೆದು ಓಡುತ್ತಿದ್ದ ಅಣ್ಣನಿಗೆ ಬರೆಯುತ್ತಿದ್ದೇನೆ. ಹಾಗಾಗಿ ಅಲ್ಲಲ್ಲಿ ಸಿಟ್ಟು ಕಂಡರೆ ಹೊಟ್ಟೆಗೆ ಹಾಕಿಕೊ.

ನಿನ್ನ ಪತ್ರ ಬಂತು. ಮೇಲೆ ಪ್ರಾರ್ಥನಾ ಮಂದಿರದ ಮೊಹರು, ಕೆಳಗೆ ನಿನ್ನ ಸಹಿ. ತೀರಿಹೋದ ಅಮ್ಮನ ಪ್ರಾರ್ಥನೆ ಪುಸ್ತಕವನ್ನು ಮಂದಿರದ ಗಾಜಿನ ಕಪಾಟಿನಲ್ಲಿಡಲು ಸಮಿತಿಗೆ ತುಂಬ ಸಂತೋಷವಂತೆ. ಆದರೆ ಅದರೊಳಗೆ ಸೇರಿಕೊಂಡಿರುವ ಬೇರೆ ಧರ್ಮದವರ ಹದಿನಾರು ಪುಟಗಳನ್ನು ತೆಗೆದು ಕೊಡಬೇಕಂತೆ. ಇಲ್ಲವಾದರೆ, ಅಂಥ ಪುಸ್ತಕ ಹಿಡಿದವಳು ನಮ್ಮ ಸಾಲಿನಲ್ಲಿ ಕೂರುವುದು ಬೇಡ ಎಂದು ಕೆಲವರು ಅನ್ನುತ್ತಿದ್ದಾರಂತೆ. ಆ ಕೆಲವರಲ್ಲಿ ನೀನು ಇದ್ದೀಯೋ ಇಲ್ಲವೋ ಅದನ್ನು ಮಾತ್ರ ಬರೆದಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಚಿಕ್ಕಂದಿನಿಂದ ನಿನ್ನದು ಇದೇ ಬುದ್ಧಿ.

ತೆಗೆಯುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೂ ಕಾಯುವ ತಾಳ್ಮೆ ನಿನಗಿಲ್ಲ.

ನಮ್ಮ ಗೋಂದು ಈಗ ಧರ್ಮ ಬಿಟ್ಟವಳ ಹಾಗೆ ಆಡುತ್ತಾಳೆ ಎಂದು ಅತ್ತಿಗೆಯ ಮುಂದೆ ಅಂದೆಯಂತೆ. ಗೋಂದು ಅನ್ನುವ ಹೆಸರು ನನಗೆ ನೀನೇ ಇಟ್ಟದ್ದು, ಸದಾ ಅಪ್ಪನಿಗೆ ಅಂಟಿಕೊಂಡು ಬೈಂಡಿಂಗ್ ಅಂಗಡಿಯಲ್ಲೇ ಇರುತ್ತಿದ್ದೆ ಅಂತ. ಹೌದು, ಅಂಟಿಕೊಂಡೇ ಇದ್ದೆ. ಅದಕ್ಕೇ ನಿನಗೆ ಗೊತ್ತಿಲ್ಲದ್ದು ನನಗೆ ಗೊತ್ತು. ಒಂದು ಹೊತ್ತೂ ಪ್ರಾರ್ಥನೆ ತಪ್ಪಿಸದ ಮನುಷ್ಯನ ಕೈಕೆಳಗೆ ನಾನು ಕೆಲಸ ಕಲಿತೆ. ಗಡಿಯಾರ ನೋಡಿ ಸೂಜಿ ಕೆಳಗಿಟ್ಟು ಎದ್ದುಬಿಡುತ್ತಿದ್ದರು, ಎದುರಿಗೆ ಯಾವ ದೊರೆ ಕೂತಿದ್ದರೂ ಸರಿ.

ಆ ಅಂಗಡಿಯ ನಿಯಮ ನೆನಪಿದೆಯೇ? ನಿಘಂಟು, ಶಾಲೆಯ ಹಾಜರಿ ಪುಸ್ತಕ, ಕಾನೂನಿನ ದಪ್ಪ ಪುಸ್ತಕ, ಇವನ್ನೆಲ್ಲ ಹೇಗೆ ಬೇಕಾದರೂ ಹಿಡಿಯಬಹುದಿತ್ತು. ಯಾರದೇ ಆಗಲಿ, ದೇವರ ಪುಸ್ತಕ ಬಂದರೆ ಮಾತ್ರ ಕೈ ತೊಳೆಯಬೇಕು. ನೆಲಕ್ಕೆ ಇಡಬಾರದು, ಮೇಲೆ ಚಹಾದ ಲೋಟ ಇಡಬಾರದು. ಒಮ್ಮೆ ಎದುರು ಅಂಗಡಿಯ ಟೈಲರ್ ತಾತನ ಪುಸ್ತಕವನ್ನು ನಾನು ಅಂಟು ಮೆತ್ತಿದ ಕೈಯಲ್ಲೇ ಎತ್ತಿಕೊಂಡೆ. ಅಪ್ಪ ಗದರಿದರು. ಇದು ನಮ್ಮದಲ್ಲವಲ್ಲ ಅಂದೆ. "ನಮ್ಮದಲ್ಲ, ಅದಕ್ಕೇ ಇನ್ನೂ ಹುಷಾರಾಗಿ ಹಿಡ್ಕೋ. ನಮ್ಮದಾದ್ರೆ ನಮ್ಮ ದೇವರ ಹತ್ರ ಕ್ಷಮೆ ಕೇಳ್ಬಹುದು. ಇವರ ದೇವರ ಪರಿಚಯ ನಮಗೆಲ್ಲಿದೆ?" ಎಂದರು.

ಹಾಗಂತ ಅಪ್ಪ ಎಲ್ಲವೂ ಒಂದೇ ಎನ್ನುವವರಲ್ಲ. ಟೈಲರ್ ತಾತ ಪೂರ್ತಿ ದಾರಿ ತಪ್ಪಿದ್ದಾನೆ ಎಂದು ಅವರಿಗೆ ಖಾತ್ರಿ ಇತ್ತು. ತಾತನಿಗೂ ಅಪ್ಪನ ಬಗ್ಗೆ ಅಷ್ಟೇ ಖಾತ್ರಿ. ಸಂಜೆ ಇಬ್ಬರೂ ಅದನ್ನೇ ಹಿಡಿದು ಜಗಳವಾಡುವರು. ಜಗಳದ ನಡುವೆ ತಾತನ ಪ್ರಾರ್ಥನೆಯ ಹೊತ್ತಾದರೆ ಅಪ್ಪ ಎದ್ದು, ಕತ್ತರಿಸಿದ ರಟ್ಟುಗಳನ್ನೆಲ್ಲ ಬದಿಗೆ ಸರಿಸಿ, ಕಿಟಕಿಯ ಪಕ್ಕ ಜಾಗ ಮಾಡಿಕೊಡುತ್ತಿದ್ದರು. ಮುಗಿದ ಮೇಲೆ ಬಿಟ್ಟಲ್ಲಿಂದಲೇ ಜಗಳ ಶುರು.

ಈಗ ಆ ಹದಿನಾರು ಪುಟದ ಕಥೆ. ಅಪ್ಪನ ಕೈತಪ್ಪಿನ ಬಗ್ಗೆ ಮನೆಯಲ್ಲಿ ಆಡುವ ತಮಾಷೆಯಷ್ಟೇ ನಿನಗೆ ಗೊತ್ತು, ಅದು ಅರ್ಧ ಮಾತ್ರ. ಅಮ್ಮನ ಪುಸ್ತಕ, ತಾತನ ಪುಸ್ತಕ ಎರಡೂ ಒಂದೇ ಅಚ್ಚುಕೂಟದವು. ಒಂದೇ ಅಳತೆ, ಒಂದೇ ಅಕ್ಷರ. ಒಂದು ದೊಡ್ಡ ಹಾಳೆ ಮಡಿಸಿದರೆ ಹದಿನಾರು ಪುಟ, ಅದನ್ನೇ ಫಾರಂ ಎನ್ನುವುದು. ಹೊಸ ಬೈಂಡಿಂಗಿಗೆಂದು ಅಪ್ಪ ಎರಡೂ ಪುಸ್ತಕಗಳ ಹೊಲಿಗೆ ಬಿಚ್ಚಿ ಫಾರಂಗಳನ್ನು ಮೇಜಿನ ಮೇಲೆ ಜೋಡಿಸಿದ್ದಾಗ, ತೊಂಬತ್ತೇಳರಿಂದ ನೂರ ಹನ್ನೆರಡನೇ ಪುಟದವರೆಗಿನ ಏಳನೇ ಫಾರಂ ಅದಲುಬದಲಾಯಿತು. ಮೂವತ್ತು ವರ್ಷ ಕೆಲಸ ಮಾಡಿದ ಕೈ ಅಂದು ತಪ್ಪಿತು. ತೊಂಬತ್ತಾರನೇ ಪುಟದ ಕೊನೆಯ ವಾಕ್ಯ ಅರ್ಧಕ್ಕೇ ನಿಂತು ಮುಂದಿನ ಪುಟದಲ್ಲಿ ಇನ್ನೇನೋ ಶುರುವಾದರೆ, ಅದು ತನಗೆ ಎಟುಕದ ಗಹನ ವಿಷಯ ಎಂದುಕೊಂಡು ಅಮ್ಮ ನಾಲ್ಕು ವರ್ಷ ಭಕ್ತಿಯಿಂದ ಓದಿದಳು.

ಬೆನ್ನು ಕಿತ್ತುಹೋಗಿದೆ ಎಂದು ತಾತ ತನ್ನ ಪುಸ್ತಕ ತಂದ ದಿನ ನಾನು ಅಲ್ಲೇ ಇದ್ದೆ. ಅಪ್ಪ ತೆರೆದು ನೋಡಿ ಬೆವರಿಬಿಟ್ಟರು. ತಾತ ಮಾತ್ರ ಶಾಂತವಾಗಿದ್ದ. "ನಂಗೆ ಮೊದಲ ವಾರವೇ ಗೊತ್ತಾಯ್ತು. ನನ್ನನ್ನ ನಿಮ್ಮ ಕಡೆ ಎಳ್ಕೊಳ್ಳೋಕೆ ಬೇಕಂತಲೇ ಸೇರಿಸಿದ್ದೀರಿ ಅಂದ್ಕೊಂಡೆ. ಎಳೀಲಿ ನೋಡೋಣ ಅಂತ ಓದಿದೆ. ಚೆನ್ನಾಗೇ ಇದೆ. ಆದ್ರೆ ನಾನು ಬರಲ್ಲ," ಎಂದ. ನಾನು ನಕ್ಕೆ. ಅಪ್ಪ ನಗಲಿಲ್ಲ. ಅಂಗಡಿಯ ಹಿಂದಿನ ನಮ್ಮ ಮನೆಯೊಳಗೆ ಹೋಗಿ ಅಮ್ಮನ ಪುಸ್ತಕ ತಂದು ಬಿಚ್ಚಲು ಸೂಜಿ ಹುಡುಕತೊಡಗಿದರು. ಆಗ ಅಮ್ಮ ಬಂದು ಪುಸ್ತಕದ ಮೇಲೆ ಕೈಯಿಟ್ಟಳು.

"ಈ ಪುಟಾನ ಮಗನ ತಲೆ ಹತ್ರ ಕೂತು ಓದಿದ್ದೀನಿ. ಇದನ್ನ ಮುಟ್ಟಬೇಡಿ," ಎಂದಳು.

ಒಂಬತ್ತು ವರ್ಷದವನಿದ್ದಾಗ ನಿನಗೆ ವಿಷಮಜ್ವರ ಬಂದದ್ದು ನೆನಪಿರಬೇಕು. ಏಳು ದಿನ ಅಮ್ಮ ನಿನ್ನ ಮಂಚ ಬಿಟ್ಟು ಏಳಲಿಲ್ಲ. ಕಾಯಿಲೆ ಬಿದ್ದ ಮಗುವಿಗಾಗಿ ತಾಯಿ ಬೇಡಿಕೊಳ್ಳುವ ಪ್ರಾರ್ಥನೆ ನೂರ ಮೂರನೇ ಪುಟದಲ್ಲಿದೆ, ಅಣ್ಣ. ಅದು ನಮ್ಮದಲ್ಲ, ತಾತನವರದು. ಜ್ವರ ಬಿಟ್ಟದ್ದು ಡಾಕ್ಟರ ಔಷಧಿಯಿಂದಲೇ ಇರಲಿ, ನಾನು ವಾದಿಸುವುದಿಲ್ಲ. ಆದರೆ ಅಮ್ಮ ಅಳುತ್ತ ಓದಿದ್ದು ಅದನ್ನೇ. ಅವಳ ಬೆರಳು ಓಡಾಡಿ ಆ ಪುಟದ ಅಂಚು ಕಂದಿದೆ. ನೀನು ಕತ್ತರಿಸು ಅನ್ನುತ್ತಿರುವುದು ಆ ಪುಟವನ್ನು.

ಅಪ್ಪ ಸೂಜಿ ಹುಡುಕುವುದನ್ನು ಬಿಟ್ಟರು. ಆಮೇಲೆ ಕೈ ತೊಳೆದುಕೊಂಡು ಬಂದು, ತೊಂಬತ್ತೇಳನೇ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದರು: ನನ್ನ ತಪ್ಪು, ತೆಗೆಯಬಾರದು. ತಾತನ ಪುಸ್ತಕದಲ್ಲೂ ಅದನ್ನೇ ಬರೆದರು. ನೀನು ಆಗ ಆಟದ ಬಯಲಿನಲ್ಲಿದ್ದೆ.

ನಮ್ಮ ಧರ್ಮ ನನಗೆ ಕಲಿಸಿದ್ದು ಇದನ್ನೇ. ಬಿಟ್ಟಿಲ್ಲ, ಬಿಡುವುದೂ ಇಲ್ಲ, ನಿನ್ನ ಸಮಿತಿ ಬಿಡಿಸಲಾರದು. ಇನ್ನು ಕಸುಬಿನ ಮಾತೂ ಒಂದು ಹೇಳುತ್ತೇನೆ. ಎಲ್ಲ ಫಾರಂಗಳಲ್ಲೂ ಓಡುವುದು ಒಂದೇ ದಾರ. ಏಳನೆಯದನ್ನು ಕಿತ್ತರೆ ಆರನೆಯದೂ ಎಂಟನೆಯದೂ ಸಡಿಲವಾಗಿ ಉದುರುತ್ತವೆ, ಮತ್ತು ಅವು ನಮ್ಮವು. ನಿನ್ನ ಗಾಜಿನ ಕಪಾಟಿಗೆ ಬೇಕಾದರೆ ಬೇರೆ ಪುಸ್ತಕ ಹುಡುಕಿಕೊ. ಅಮ್ಮನದಕ್ಕೆ ಮೊನ್ನೆ ಹೊಸ ದಾರ ಹಾಕಿದೆ, ಎರಡೆಳೆಯದು. ಪೆನ್ಸಿಲಿನ ಅಕ್ಷರಕ್ಕೆ ಧಕ್ಕೆಯಾಗಿಲ್ಲ.

ಈ ವಾರದ ಪ್ರಾರ್ಥನೆಗೆ ಬರುತ್ತೇನೆ. ಮೂರನೇ ಸಾಲಿನಲ್ಲಿ ಅಮ್ಮ ಕೂರುತ್ತಿದ್ದ ಜಾಗದಲ್ಲೇ ಕೂತು ಪುಸ್ತಕ ತೆರೆಯುತ್ತೇನೆ. ಯಾರದೋ ಕೈಯಲ್ಲಿ ಹೇಳಿ ಕಳಿಸಬೇಡ. ಬೇಡವೆಂದರೆ ನೀನೇ ಎದ್ದು ಬಂದು ಎಲ್ಲರೆದುರು, ಗೋಂದು, ಹೊರಗೆ ನಡಿ ಅನ್ನು. ಹಾಗೆನ್ನಲು ನಿನಗೆ ಬಾಯಿ ಬಂದರೆ ಎದ್ದು ಹೋಗುತ್ತೇನೆ, ಪುಸ್ತಕದ ಜೊತೆಗೇ.

ಕೊನೆಗೆ ನೂರ ಮೂರನೇ ಪುಟದ ಸಾಲನ್ನೇ ನಿನಗೆ ಬರೆಯುತ್ತಿದ್ದೇನೆ, ಹಿಂದೊಮ್ಮೆ ಬೇಡವೆನ್ನದೆ ಕೇಳಿಸಿಕೊಂಡಿದ್ದೀಯ: ಈ ಮಗು ಮಲಗಿದಲ್ಲಿ ಭಯಕ್ಕೆ ಜಾಗವಿಲ್ಲದಿರಲಿ, ಇವನು ಎದ್ದ ದಿನ ಬೆಳಕಿರಲಿ.

ನಿನ್ನ ತಂಗಿ,
ಗೋಂದು

ಪ್ರಾರ್ಥನೆಯ ದಿನ ಪುಸ್ತಕ ಕಿತ್ತುಕೊಳ್ಳುವ ಮನಸ್ಸಿದ್ದರೆ, ಅಣ್ಣ, ಕೈ ತೊಳೆದುಕೊಂಡು ಬಾ.