ಹೊಟ್ಟೆ ಸೀಳದ ಅಕ್ಷರ

ಅಕ್ಕನ ಮನೆ
ಸೋಮವಾರ, ಮಧ್ಯಾಹ್ನ

ಮಗಳ ಅಪ್ಪನಿಗೆ,

ಬೇರೆ ಸಂಬೋಧನೆಗಳನ್ನೆಲ್ಲ ಬರೆದು ಹೊಡೆದುಹಾಕಿದೆ. ಪ್ರೂಫ್ ತಿದ್ದುವವಳ ಚಾಳಿ. ಅಕ್ಕನಿಗೆ ಹುಷಾರಿಲ್ಲ ಎಂದು ಶುಕ್ರವಾರ ಮಗಳನ್ನು ಕರೆದುಕೊಂಡು ಬಂದೆನಲ್ಲ, ಅದು ಸುಳ್ಳು. ಅಕ್ಕ ಗುಂಡುಕಲ್ಲಿನ ಹಾಗಿದ್ದಾಳೆ.

ಹೋದ ಸೋಮವಾರ ಬಸುರಿಯರ ತಪಾಸಣೆಯಲ್ಲಿ ನನಗೆ ಎಚ್‌ಐವಿ ಇದೆ ಎಂದಾಗ ಆಸ್ಪತ್ರೆಯ ಬೆಂಚಿನ ಮೇಲೆ ಎರಡು ಗಂಟೆ ಕೂತೇ ಇದ್ದೆ. ನಿಮಗೆ ಹೇಗೆ ಹೇಳುವುದು ಎಂಬುದೊಂದೇ ಚಿಂತೆ. ಯಾವ ಸೂಜಿಯಿಂದ ಬಂತೋ, ಏನು ಕರ್ಮವೋ, ನಿಮಗೂ ಅಂಟಿಸಿಬಿಟ್ಟೆನೇನೋ ಎಂದು ಸಂಜೆ ನಿಮ್ಮ ಕಾಲು ಹಿಡಿದು ಅತ್ತೆ. ನಿಮ್ಮ ಮುಖದಲ್ಲಿ ಗಾಬರಿಯೇ ಇರಲಿಲ್ಲ. ಆಗಿದ್ದು ಆಗೋಯ್ತು, ನಾನು ಕ್ಷಮಿಸಿದ್ದೀನಿ, ಯಾರ ಹತ್ರಾನೂ ಬಾಯಿ ಬಿಡಬೇಡ ಅಂದಿರಿ. ಎಂಥ ದೊಡ್ಡ ಮನಸ್ಸು! ಮೂರು ದಿನ ನಿಮ್ಮನ್ನು ದೇವರಂತೆ ಕಂಡೆ. ನೆನೆದರೆ ಈಗ ಮೈ ಉರಿಯುತ್ತದೆ.

ಗುರುವಾರ ಆಸ್ಪತ್ರೆಯಲ್ಲಿ ನರ್ಸಮ್ಮ ನನ್ನ ಅಂಗೈಗೆ ಈ ರೋಗದ ಮಾತ್ರೆ ಹಾಕಿದರು. ಅದೇ ಬಣ್ಣ, ಅದೇ ಉದ್ದ, ಮೇಲೆ ಅದೇ ಗುರುತು. ಮದುವೆಯಾದಂದಿನಿಂದ ಊಟವಾದ ಮೇಲೆ ನೀರಿನ ಲೋಟದ ಜೊತೆ ನಾನೇ ನಿಮಗೆ ಕೊಡುತ್ತಿದ್ದ ಶಕ್ತಿ ಮಾತ್ರೆ. ನೀವು ಎರಡು ದಿನ ನುಂಗಿದರೆ ನಾಲ್ಕು ದಿನ ಬಿಡುತ್ತಿದ್ದಿರಿ. ಮೈಯಲ್ಲಿ ಕಸುವು ಬೇಡವೇ ಎಂದು ನಾನು ಬೆನ್ನು ಹತ್ತುತ್ತಿದ್ದೆ.

ಆ ಬಾಟಲಿಯ ಮೇಲೆ ‘ಶಕ್ತಿವರ್ದಕ’ ಎಂದಿತ್ತು. ಹೊಟ್ಟೆ ಸೀಳದ ದ. ಕಂಪನಿಯವರಿಗೆ ಅಕ್ಷರವೇ ಬರುವುದಿಲ್ಲ ಎಂದು ನಾನು ನಕ್ಕರೆ ನೀವು ನಗುತ್ತಿರಲಿಲ್ಲ. ಪ್ರೆಸ್ಸಿನಲ್ಲಿ ಲೇಬಲ್ಲುಗಳಿಗೆ ಅಕ್ಷರ ಜೋಡಿಸುವವರು ನೀವು, ತಿದ್ದುವವಳು ನಾನು. ನಿಮ್ಮ ‘ಸುಗಂದ’, ‘ಶುದ್ದ’, ‘ಔಷದ’ಗಳ ಹೊಟ್ಟೆಯನ್ನೆಲ್ಲ ಆರು ವರ್ಷದಿಂದ ಸೀಳುತ್ತ ಬಂದವಳಿಗೆ ಮನೆಯ ಮೇಜಿನ ಮೇಲಿದ್ದ ಒಂದು ಲೇಬಲ್ಲಿನಲ್ಲಿ ನಿಮ್ಮ ಕೈ ಕಾಣಿಸಲಿಲ್ಲ. ನೀವೇ ಅಚ್ಚು ಹಾಕಿ, ನೀವೇ ಅಂಟಿಸಿ, ನನ್ನ ಕೈಯಿಂದಲೇ ಇಸಿದುಕೊಂಡು ನುಂಗಿದಿರಿ.

ಮೊದಲೇ ಹೇಳಿದ್ದರೆ ಕೂಗಾಡುತ್ತಿದ್ದೆ, ತಟ್ಟೆ ಎಸೆಯುತ್ತಿದ್ದೆ, ಆಮೇಲೆ ಇಬ್ಬರೂ ಒಟ್ಟಿಗೇ ಆಸ್ಪತ್ರೆಗೆ ಹೋಗುತ್ತಿದ್ದೆವೇನೋ. ರೋಗವನ್ನು ಹೇಗೋ ಸಹಿಸಿಕೊಂಡೇನು. ನಿಮ್ಮ ಕ್ಷಮೆ ಮಾತ್ರ ಗಂಟಲಲ್ಲಿ ಇಳಿಯುತ್ತಿಲ್ಲ.

ತಪ್ಪದೆ ಮಾತ್ರೆ ತೆಗೆದುಕೊಂಡರೆ ಹೊಟ್ಟೆಯಲ್ಲಿರುವ ಮಗುವಿಗೆ ತಗುಲದಂತೆ ನೋಡಿಕೊಳ್ಳಬಹುದಂತೆ. ನಾನು ಒಂದನ್ನೂ ತಪ್ಪಿಸುವುದಿಲ್ಲ. ನೀವೂ ತಪ್ಪಿಸಬೇಡಿ, ನೆನಪಿಸಲು ಇನ್ನು ನಾನಿರುವುದಿಲ್ಲ.

ಇಂತಿ,
ಇಷ್ಟು ದಿನ ನಿಮ್ಮ ತಪ್ಪು ತಿದ್ದಿದವಳು

ತಾ.ಕ.: ಮಗಳ ರಕ್ತವನ್ನೂ ಇವತ್ತು ಬೆಳಿಗ್ಗೆ ತೆಗೆದುಕೊಂಡರು. ಅವಳು ಹೊಟ್ಟೆಯಲ್ಲಿದ್ದಾಗ ಪರೀಕ್ಷೆಗಿರೀಕ್ಷೆ ಎಲ್ಲ ದಂಡ ಎಂದು ಆಸ್ಪತ್ರೆ ತಪ್ಪಿಸಿ, ಸೂಲಗಿತ್ತಿಯನ್ನು ಮನೆಗೇ ಕರೆಸಿದವರು ನೀವು. ರಿಪೋರ್ಟ್ ನಾಳೆ ಬರುತ್ತದೆ. ಅವಳಿಗೂ ಇದೆ ಎಂದಾದರೆ, ಅವಳನ್ನೂ ಕ್ಷಮಿಸುತ್ತೀರಾ?