ಆಷಾಢದಲ್ಲಿ ಒಪ್ಪಿಕೊಂಡ ಅಡುಗೆ

ಜುಲೈ 3, ಗುರುವಾರ

ಬೆಳಿಗ್ಗೆಯಿಂದ ಪಾತ್ರೆ ತೊಳೆಸುವುದೇ ಆಯಿತು. ಆಷಾಢ. ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ನಂಜನಗೂಡಿನ ಅಡುಗೆ ಕಂಟ್ರಾಕ್ಟಿನವರೆಲ್ಲ ಕೈಕಟ್ಟಿ ಕೂರುವ ತಿಂಗಳು.

ಮಧ್ಯಾಹ್ನ ಆಡಿಟರ್ ಅಮೃತೇಶ್ ಬಂದಿದ್ದರು. ಅದೇ ಪುರಾಣ. ‘ಮೇಡಂ, ಈಗ ಕಾನೂನಿಗೆ ನೀವೇ ವ್ಯವಹಾರ, ವ್ಯವಹಾರವೇ ನೀವು. ಊಟದಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಈ ಮನೆ ತನಕ ಬರ್ತಾರೆ. ಪ್ರೈವೇಟ್ ಲಿಮಿಟೆಡ್ ಮಾಡ್ಕೊಳ್ಳಿ. ಆಮೇಲೆ ಯಾರು ದಾವೆ ಹೂಡಿದ್ರೂ ಕಂಪ್ನಿ ಆಸ್ತಿಗಷ್ಟೇ.’

ಕಂಪನಿಯ ಆಸ್ತಿ ಎಂದರೆ ಒಂದು ಟೆಂಪೋ, ನಾಲ್ಕು ಕೊಪ್ಪರಿಗೆ. ಮನೆ ನನ್ನ ಹೆಸರಿನಲ್ಲಿದೆ — ನಮ್ಮ ಯಜಮಾನರು ಫ್ಯಾಕ್ಟರಿಯ ಪಿಎಫ್ ಪೂರ್ತಿ ಸುರಿದು ಕಟ್ಟಿಸಿದ್ದು. ಸರಿ, ಮಾಡಿಸೋಣ ಎಂದೆ. ಆದರೆ ಶ್ರಾವಣ ಬರಲಿ. ಆಷಾಢದಲ್ಲಿ ಹೊಸದನ್ನು ಶುರು ಮಾಡುವುದುಂಟೆ? ಅಮೃತೇಶ್ ಹಣೆ ಚಚ್ಚಿಕೊಂಡರು. ಚಚ್ಚಿಕೊಳ್ಳಲಿ.

ಜುಲೈ 9

ಟಿ. ನರಸೀಪುರದಿಂದ ಶಿವಮೂರ್ತಿ ಎಂಬವರು ಬಂದಿದ್ದರು, ತಾಯಿ ಕೆಂಪಾಜಮ್ಮನನ್ನು ಕರೆದುಕೊಂಡು. ಆಗಸ್ಟ್ 17ಕ್ಕೆ ಗೃಹಪ್ರವೇಶ. ಈಗಲೇ ಗೊತ್ತು ಮಾಡದಿದ್ದರೆ ಶ್ರಾವಣದಲ್ಲಿ ಅಡುಗೆಯವರು ಸಿಗುವುದಿಲ್ಲ. ಒಪ್ಪಿಕೊಂಡೆ. ಅಗ್ರಿಮೆಂಟ್ ಪಗ್ರಿಮೆಂಟ್ ನಮ್ಮಲ್ಲಿಲ್ಲ, ವೀಳ್ಯ ಹಿಡಿದರೆ ಮುಗಿಯಿತು. ಅಜ್ಜಿಯೇ ಕೊಟ್ಟರು.

‘ಒಬ್ಬಟ್ಟು ಮೆತ್ತಗಿರ್ಲಿ ಕಣವ್ವ. ನಂಗೆ ಅಲ್ಲೆಲ್ಲ ಉದುರೋಗವೆ.’

‘ಕಂಪ್ನಿಗೆ ಆಷಾಢ ಅಡ್ಡ ಬತ್ತದೆ, ಆರ್ಡರ್‌ಗೆ ಬರಾಕಿಲ್ವಾ ಗೌರಿ?’ — ಇವರ ಕುಹಕ, ಅವರು ಹೋದ ಮೇಲೆ.

ಜುಲೈ 30

ಕಂಪನಿ ಆಯಿತು. ಸರ್ಟಿಫಿಕೇಟ್ ಮೊಬೈಲಿಗೇ ಬಂತು, ಪೂಜೆಗೆ ಇಡಲೆಂದು ಪ್ರಿಂಟ್ ತೆಗೆಸಿದೆ. ನಾನು ಡೈರೆಕ್ಟರ್, ಇವರೂ ಡೈರೆಕ್ಟರ್. ಸಂಜೆ ಡೈರೆಕ್ಟರುಗಳಿಬ್ಬರೂ ಕೂತು ಬೆಳ್ಳುಳ್ಳಿ ಸುಲಿದೆವು.

ಆಗಸ್ಟ್ 18, ಬೆಳಿಗ್ಗೆ

ನಿನ್ನೆ ಶಿವಮೂರ್ತಿಯವರ ಮನೆಯಲ್ಲಿ ಉಂಡವರಿಗೆ ಸಂಜೆಯಿಂದ ವಾಂತಿ, ಭೇದಿ. ಹೆಚ್ಚಿನವರು ಡ್ರಿಪ್ ಹಾಕಿಸಿಕೊಂಡು ಮನೆಗೆ ಹೋಗಿದ್ದಾರೆ. ಕೆಂಪಾಜಮ್ಮ ಐಸಿಯುನಲ್ಲಿ.

ಹೂರಣವೇ ಇರಬೇಕು. ಎರಡು ಕಡೆ ಅಡುಗೆಯಿತ್ತು ಎಂದು ಹಿಂದಿನ ಮಧ್ಯಾಹ್ನವೇ ರುಬ್ಬಿಸಿಟ್ಟಿದ್ದೆ. ಆ ಸೆಕೆಯಲ್ಲಿ. ಮೂಸಿ ನೋಡಿದೆ, ಚೆನ್ನಾಗಿಯೇ ಇತ್ತು... ಭಯವಾಗುತ್ತಿದೆ.

ಆಗಸ್ಟ್ 19

ಅಮೃತೇಶ್ ಫೋನ್. ‘ಆರ್ಡರ್ ಯಾವಾಗ ತಗೊಂಡ್ರಿ?’

ಹೇಳಿದೆ. ಆಗ ಕಂಪನಿ ಹುಟ್ಟೇ ಇರಲಿಲ್ಲ.

‘ಪೊಲೀಸ್ ಕೇಸ್ ಬೇರೆ ಮಾತು. ಪರಿಹಾರ ಕೇಳಿದ್ರೆ ಮನೆ ಉಳೀಬೇಕಲ್ಲ? ಕಂಪ್ನಿ ಲೆಟರ್‌ಹೆಡ್‌ನಲ್ಲಿ ಒಂದು ಆರ್ಡರ್ ಫಾರಂ ಮಾಡ್ಕೊಡ್ತೀನಿ, ಆಗಸ್ಟ್ ಒಂದರ ಡೇಟ್ ಹಾಕಿ. ಶಿವಮೂರ್ತಿ ಹತ್ರ ಸೈನ್ ಹಾಕಿಸ್ಕೊಂಡ್ಬಿಡಿ.’

ಇವರಿಗೆ ಹೇಳಿದೆ. ಹೊರಗೆ ಹೋಗಿ ಕಾಂಪೌಂಡಿಗೆ ಒರಗಿ ನಿಂತರು.

ಆಗಸ್ಟ್ 20, ಸಂಜೆ

ಫಾರಂ ಬ್ಯಾಗಿನಲ್ಲಿಟ್ಟುಕೊಂಡೇ ಆಸ್ಪತ್ರೆಗೆ ಹೋದೆ. ಅಜ್ಜಿಯ ಕಿಡ್ನಿಗೆ ಪೆಟ್ಟಾಗಿದೆಯಂತೆ. ಮೈಸೂರಿಗೆ ಕಳಿಸುತ್ತಿದ್ದಾರೆ, ಎಷ್ಟು ದಿನವೋ ಗೊತ್ತಿಲ್ಲ.

ಶಿವಮೂರ್ತಿ ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಸುಲಭವಿತ್ತು. ನನಗೇ ಎಳನೀರು ಕೊಡಿಸಿದರು. ಒಂದು ಸೈನ್ ಬೇಕಿತ್ತು ಎಂದೆ, ಹೇಗೋ.

‘ಯಾವ ಪೇಪರ್‌ಗಾದ್ರೂ ಆಕ್ತೀನಿ ತಾಯಿ. ನಮ್ಮವ್ವ ಒಂದ್ಸಲ ಕಣ್ಬುಟ್ರೆ ಸಾಕು.’

ಬ್ಯಾಗಿನ ಜಿಪ್ ತೆಗೆದೆ. ಕರ್ಚೀಫ್ ತೆಗೆದುಕೊಂಡು ಮತ್ತೆ ಮುಚ್ಚಿದೆ. ಓದದೆ ಸೈನ್ ಹಾಕುವವನ ಮುಂದೆ ಕಾಗದ ಹಿಡಿಯಲು ನಾಚಿಕೆಯಾಯಿತು.

ಕಂಪನಿ ಮಾಡಿದ್ದು ತಪ್ಪಲ್ಲ. ಇನ್ನು ಮುಂದಿನ ಅಡುಗೆಗೆಲ್ಲ ಅದೇ ಇರಲಿ. ಆದರೆ ಆ ಅಜ್ಜಿಯಿಂದ ವೀಳ್ಯ ಹಿಡಿದವಳು ನಾನು, ಹೂರಣ ರುಬ್ಬಿಸಿದವಳೂ ನಾನು. ತಪ್ಪಾದ ಮೇಲೆ ಹುಡುಕಿಕೊಂಡು ಹೋಗಿ ಕಂಪನಿಯ ಸೆರಗಿನ ಹಿಂದೆ ನಿಲ್ಲುವುದು... ಆಗುವುದಿಲ್ಲ ನನ್ನಿಂದ.

ಆಗಸ್ಟ್ 21, 11 ಗಂಟೆ

ಫಾರಂ ಹರಿದು ಹಾಕಿದೆ, ಇವರೆದುರಿಗೇ. ಚೂರುಗಳನ್ನು ಆಯುತ್ತ ಹೇಳಿದರು, ‘ಬಾಡಿಗೆ ಮನೇಲಿ ನಾವೇನು ಚೆನ್ನಾಗಿರ್ಲಿಲ್ವಾ?’ ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡರು.

ಈಗ ಆರೋಗ್ಯ ಇಲಾಖೆಯವರು ಹಾಲ್‌ನಲ್ಲಿ ಕುಳಿತಿದ್ದಾರೆ. ಹೇಳಿಕೆ ಬರೆದುಕೊಳ್ಳಬೇಕಂತೆ. ‘ಅಡುಗೆ ವಹಿಸ್ಕೊಂಡಿದ್ದು ಕಂಪ್ನೀನಾ ಅಥವಾ ಯಾರಾದ್ರೂ ವ್ಯಕ್ತೀನಾ?’ ಎಂದು ಇವರನ್ನು ಕೇಳುತ್ತಿದ್ದಾರೆ. ಇವರು, ಅವಳೇ ಬಂದು ಹೇಳ್ತಾಳೆ ಸಾರ್, ಎನ್ನುತ್ತಿದ್ದಾರೆ.

ಕರೆದರು. ಹೋಗಿ ಹೇಳುತ್ತೇನೆ. ವ್ಯಕ್ತಿ. ಮಂಗಳಗೌರಿ, ಗಂಡ ಗುರುಪ್ರಸಾದ್, ವಾಸ ಸ್ವಂತ ಮನೆ —