ಶಿಕ್ಷೆಗೆ ಮುಂಚೆ ಒಂದು ಮಾತು

ಅಕ್ಕಾ,

ನೀನೀಗ ಎಲ್ಲಿದ್ದೀಯೋ ಗೊತ್ತಿಲ್ಲ. ಇದನ್ನು ಯಾವ ವಿಳಾಸಕ್ಕೂ ಹಾಕುವುದಿಲ್ಲ. ಆದರೂ ಹೇಳದಿದ್ದರೆ ನಿದ್ದೆ ಬರದು.

ನಮ್ಮ ಜಡ್ಜ್ ಅಪ್ಪ ನಿವೃತ್ತರಾದ ಮೇಲೆ ಮೆತ್ತಗಾಗಿದ್ದಾರೆ. ನನಗೇನೋ ಗುಮಾನಿ. ತೀರ್ಪುಗಳಲ್ಲಿ ‘ಕನಿಕರಕ್ಕೆ ಅರ್ಹನಲ್ಲ’ ಎಂದು ಬರೆಯುತ್ತಿದ್ದ ಕೈ ಈಗ ಪ್ರವಚನದಲ್ಲಿ ಕಣ್ಣೊರೆಸಿಕೊಳ್ಳುತ್ತದೆ. ಕೇಳುವ ಮೊದಲೇ ದೇವರು ಕ್ಷಮಿಸಿರುತ್ತಾನಂತೆ! ಅತಿವಿನಯಂ ಧೂರ್ತಲಕ್ಷಣಂ, ಅಲ್ಲವೇನೇ?

ಕೋರ್ಟಿನ ಪದ್ಧತಿಯನ್ನು ಅವರು ಮನೆಗೂ ತಂದಿದ್ದರಲ್ಲ. ನಾವೊಂದು ಲೋಟ ಒಡೆದರೂ ಊಟದ ಮೇಜಿನ ಕುರ್ಚಿಯನ್ನೇ ಕಟಕಟೆ ಮಾಡಿ, ಅದರ ಹಿಂದೆ ನಿಲ್ಲಿಸಿ, “ಶಿಕ್ಷೆಗೆ ಮುಂಚೆ ಏನಾದ್ರೂ ಹೇಳೋದಿದೆಯಾ?” ಎಂದು ಕೇಳುತ್ತಿದ್ದರು. ಅತ್ತುಕೊಂಡು ಏನೋ ಹೇಳುತ್ತಿದ್ದೆವು. ಶಿಕ್ಷೆ ಅರ್ಧಕ್ಕೆ ಇಳಿಯುತ್ತಿತ್ತು. ನೀನು ನಿನ್ನವನ ಕೈ ಹಿಡಿದು ಬಾಗಿಲಲ್ಲಿ ನಿಂತ ದಿನ ಮಾತ್ರ ಅವರು ಕೇಳಲಿಲ್ಲ. ಚಿಲಕ ಹಾಕಿದರು. ಒಳಗಿದ್ದ ಯಾರೂ ಉಸಿರೆತ್ತಲಿಲ್ಲ.

ಇವತ್ತು ಸಂಜೆ ನಾನು ಪಾತ್ರೆ ತೊಳೆಯುತ್ತಿದ್ದಾಗ ಅಪ್ಪ ಬಂದು ಅದೇ ಕುರ್ಚಿಯ ಹಿಂದೆ ನಿಂತರು. ಅದರ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

“ಏನಪ್ಪಾ, ಕಾಫಿ ಬೇಕಾ?”

“ಬೇಡಮ್ಮಾ. ನಿನ್ನ ಅಕ್ಕನ ವಿಷಯ... ನೀನು ನನ್ನನ್ನ ಏನೂ ಕೇಳೋದೇ ಇಲ್ವಾ?”

ನೋಡಿದೆಯಾ ಜಾಣತನ? ನಾನು ಕೇಳಬೇಕು, ಅವರು ಹೇಳಬೇಕು, ಅರ್ಧ ಇಳಿಯಬೇಕು. ನಿನಗೆ ಸಿಗದ ರಿಯಾಯಿತಿಯನ್ನು ಅವರಿಗೆ ಕೊಡಲು ನಾನ್ಯಾರು?

ನಲ್ಲಿಯನ್ನು ಜೋರಾಗಿ ತಿರುಗಿಸಿದೆ. ಕೊನೆಯ ಲೋಟ ತೊಳೆದಿಟ್ಟು ತಿರುಗಿದಾಗಲೂ ಅವರು ಹಾಗೇ ನಿಂತಿದ್ದರು, ತಲೆ ತಗ್ಗಿಸಿ, ಥೇಟ್ ನಮ್ಮಂತೆ.

ನಾನೂ ಅವರ ಮಗಳೇ ತಾನೇ, ಅಕ್ಕಾ? ಕೇಳಲಿಲ್ಲ.